ಗಲಭೆ ಅಡಗಿದರೆ ಶಾಂತಿ ನೆಲಸಿತೇ?

(ಪುತ್ತಿಗೆಯಲ್ಲಿ ನೆರೆದ ಉಪಾಧ್ಯಾಯರ ಹಾಗೂ ನಾಗರಿಕರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಶ್ರೀ ಸೋಮನಾಥನ ಸನ್ನಿಧಿಯಿಂದ ಪಾವನವಾದ ಈ ಪುತ್ತಿಗೆಯಲ್ಲಿ, ಚೌಟರಸರು ಆಳಿ ಬಾಳಿದ ಈ ನೆಲದಲ್ಲಿ ನಿಂತು ನಾಲ್ಕು ಮಾತುಗಳನ್ನಾಡುವ ಅವಕಾಶವನ್ನು ಕಲ್ಪಿಸಿಕೊಟ್ಟುದಕ್ಕಾಗಿ ತಮಗೆ ಕೃತಜ್ಞನಾಗಿದ್ದೇನೆ. ನಾನು ಇತಿಹಾಸದ ಪಂಡಿತನಲ್ಲ. ವಾದಿ ಪ್ರತಿವಾದಿಗಳ ಮಾತುಗಳನ್ನು ಕೇಳಿ, ಅವುಗಳಲ್ಲಿ ಸಾಕ್ಷ್ಯವೆಷ್ಟು, ಬರಿಯ ಸದ್ದೆಷ್ಟು ಎಂದು ತೂಗಿ ನೋಡುವುದೇ ನನ್ನ ಕಸುಬು. ಅದೇ ತಕ್ಕಡಿಯಲ್ಲಿ ಇಂದು ಒಂದೇ ಒಂದು ವಾಕ್ಯವನ್ನು ತೂಗಿ ನೋಡಬೇಕೆಂದಿದ್ದೇನೆ.

ಕೆಲವು ದಿನಗಳ ಹಿಂದೆ ಉಪಾಧ್ಯಾಯ ಮಿತ್ರರೊಬ್ಬರು ತಮ್ಮ ತರಗತಿಯಲ್ಲಿ ೧೮೩೭ನೆಯ ಇಸವಿಯ ದಂಗೆಯ ಪಾಠವನ್ನು ಹೇಳುತ್ತಿದ್ದರಂತೆ. ಕೊನೆಯಲ್ಲಿ, ‘ಕುಂಪಣಿ ಸರಕಾರದವರು ದಂಗೆಯನ್ನು ಅಡಗಿಸಿ ನಾಡಿನಲ್ಲಿ ಶಾಂತಿಯನ್ನು ನೆಲೆಗೊಳಿಸಿದರು’ ಎಂದು ಮಕ್ಕಳಿಂದ ಬರೆಸಿದರಂತೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, ‘ಶಾಂತಿ ನೆಲಸಿದ್ದರೆ ಆಮೇಲೆ ಗಾಂಧಿಯವರು ಯಾಕೆ ಬೇಕಾಯಿತು ಮಾಸ್ತರೇ?’ ಎಂದು ಕೇಳಿದನಂತೆ. ಮಾಸ್ತರರಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವರು ನನ್ನಲ್ಲಿಗೆ ಬಂದು, ‘ವಕೀಲರೇ, ಆ ಹುಡುಗನಿಗೆ ನಾನೇನು ಹೇಳಲಿ?’ ಎಂದರು. ಇಂದಿನ ನನ್ನ ಭಾಷಣವೆಲ್ಲವೂ ಆ ಹುಡುಗನಿಗೆ ಸಲ್ಲತಕ್ಕ ಉತ್ತರವೆಂದು ತಾವು ತಿಳಿಯಬೇಕು.

ಆ ವಾಕ್ಯದಲ್ಲಿ ಎರಡು ಸಂಗತಿಗಳಿವೆ. ದಂಗೆಯನ್ನು ಅಡಗಿಸಿದರು ಎಂಬುದೊಂದು. ಶಾಂತಿಯನ್ನು ನೆಲೆಗೊಳಿಸಿದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ದಾಖಲೆಗಳುಂಟು, ಸಾಕ್ಷಿಗಳುಂಟು, ನೇಣುಗಂಬಗಳೂ ಉಂಟು. ಎರಡನೆಯದಕ್ಕೆ ಸಾಕ್ಷ್ಯವೇನು? ಮೊದಲನೆಯದೇ ಎರಡನೆಯದಕ್ಕೆ ಸಾಕ್ಷ್ಯವೆಂದು ಬರೆದವರು ಹೇಳುತ್ತಾರೆ. ಪರರು ಬಂದು ಆಳುವ ನಾಡಿನಲ್ಲಿ ಕೊಲೆ, ಕಾಳಗ, ಕೊಳ್ಳೆಗಳು ಕಡಿಮೆಯಾದೊಡನೆಯೇ ಆಳುವವರು ತಮ್ಮ ಮೇಲಧಿಕಾರಿಗಳಿಗೆ ‘ಜನರು ಸಂತುಷ್ಟರಾಗಿದ್ದಾರೆ’ ಎಂದು ಬರೆಯುತ್ತಾರೆ. ಇದು ಒಂದು ನಾಡಿನ, ಒಂದು ಕಾಲದ ಕತೆಯಲ್ಲ. ಅವರು ಕೊಡುವ ಎಣಿಕೆ ಸುಳ್ಳಾಗಿರಬೇಕೆಂದಿಲ್ಲ. ಎಣಿಕೆಯಿಂದ ತೆಗೆಯುವ ತೀರ್ಮಾನದಲ್ಲಿ ದೋಷವಿರುತ್ತದೆ. ಘಟ್ಟದ ಬುಡದ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಚಳಿಜ್ವರದ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನ ಬಿಟ್ಟು ದಿನ ಬರುವ ಆ ಜ್ವರದಲ್ಲಿ ಮೈ ತಣ್ಣಗಾದ ದಿನವೂ ಒಂದುಂಟು. ಆ ದಿನ ರೋಗಿಯು ಎದ್ದು ಗಂಜಿ ಕುಡಿಯುತ್ತಾನೆ, ಅಂಗಳದಲ್ಲಿ ಅಡ್ಡಾಡುತ್ತಾನೆ. ಅದನ್ನು ಕಂಡು ರೋಗ ಹೋಯಿತೆಂದು ಔಷಧವನ್ನು ನಿಲ್ಲಿಸುವವನನ್ನು ವೈದ್ಯನೆಂದು ಯಾರೂ ಕರೆಯಲಾರರು.

ಇದಕ್ಕೆ ಉದಾಹರಣೆಯನ್ನು ಅರಸಿಕೊಂಡು ಬಹುದೂರ ಹೋಗಬೇಕಾಗಿಲ್ಲ. ೧೭೯೯ನೆಯ ಇಸವಿಯ ಮೇ ೪ರಂದು ಶ್ರೀರಂಗಪಟ್ಟಣದಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ ನಮ್ಮ ಕರಾವಳಿಯು ಕುಂಪಣಿಯವರ ಕೈಸೇರಿತು. ತೋಮಸ್ ಮನ್ರೋ ಎಂಬವನು ಮೊದಲ ಕಲೆಕ್ಟರನಾಗಿ ಬಂದನು. ಬೆಳ್ತಂಗಡಿಯ ಬಳಿಯ ಗಡಾಯಿಕಲ್ಲಿನ ಮೇಲಿರುವ ಜಮಲಾಬಾದಿನ ಕೋಟೆಯನ್ನು ಕುಂಪಣಿಯವರು ಹಿಡಿದರು. ಬಂಡುಕೋರರು ಅದನ್ನು ಮರಳಿ ಕಸಿದುಕೊಂಡರು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಮೇಲೆಯೇ ಅದು ಮತ್ತೆ ಅವರ ವಶವಾಯಿತು. ವಿಟ್ಲದ ಹೆಗ್ಗಡೆಯು ಬಂಡೆದ್ದು ೧೮೦೦ನೆಯ ಇಸವಿಯಲ್ಲಿ ನೇಣುಗಂಬವನ್ನೇರಿದನು. ಮರುವರ್ಷ ಬುಕಾನನ್ ಎಂಬ ಸ್ಕಾಟ್ಲಂಡಿನ ಪ್ರವಾಸಿಯು ಬಂಟವಾಳ, ಜಮಲಾಬಾದು, ಮೂಡಬಿದಿರೆಗಳನ್ನು ಹಾದು ಹೋಗುತ್ತ ಇಲ್ಲಿಯ ಬೆಳೆ, ಬೆಲೆ, ಬಸದಿಗಳ ವಿವರಗಳನ್ನು ಸಾವಕಾಶವಾಗಿ ಬರೆದುಕೊಂಡನು. ಅಲ್ಲಲ್ಲಿ ಆದ ಸಣ್ಣಪುಟ್ಟ ಗದ್ದಲಗಳನ್ನು ಬಿಟ್ಟರೆ ಮುಂದಿನ ಮೂವತ್ತು ವರ್ಷಗಳು ಮೇಲುನೋಟಕ್ಕೆ ಶಾಂತಿಯ ವರ್ಷಗಳೇ.

ಆದರೆ ಆ ಮೂವತ್ತು ವರ್ಷಗಳಲ್ಲಿ ಒಕ್ಕಲಿನ ಮನೆಯ ಲೆಕ್ಕ ಹೇಗೆ ನಡೆದಿತ್ತು? ತೀರ್ವೆಯನ್ನು ನಾಣ್ಯದಲ್ಲಿ ಗೊತ್ತುಮಾಡಲಾಗಿತ್ತು. ಗದ್ದೆಯಲ್ಲಿ ಬೆಳೆಯುವುದು ನಾಣ್ಯವಲ್ಲ, ಭತ್ತ. ಅಕ್ಕಿಗೆ ಒಳ್ಳೆಯ ಬೆಲೆಯಿರುವ ವರ್ಷ ಕೆಲವೇ ಮುಡಿಗಳನ್ನು ಮಾರಿದರೆ ತೀರ್ವೆ ಸಂದುಹೋಗುತ್ತಿತ್ತು. ಬೆಲೆ ಬಿದ್ದ ವರ್ಷ ತೀರ್ವೆ ಅಷ್ಟೇ ಉಳಿದು, ಮಾರಬೇಕಾದ ಮುಡಿಗಳು ಮಾತ್ರ ಹೆಚ್ಚಾಗುತ್ತಿದ್ದುವು. ಉಣ್ಣುವ ಅಕ್ಕಿಯನ್ನೂ ಬಿತ್ತುವ ಬೀಜವನ್ನೂ ಮಾರಿ ಕಂದಾಯ ಕಟ್ಟುವ ಕಾಲ ಬಂದಿತು. ಇದರ ಜೊತೆಗೆ ಉಪ್ಪಿನ ಮೇಲೂ ಹೊಗೆಸೊಪ್ಪಿನ ಮೇಲೂ ಕುಂಪಣಿಯವರು ಏಕಸ್ವಾಮ್ಯವನ್ನು ಕಟ್ಟಿದರು. ಕಡಲಿನ ದಡದಲ್ಲಿ ಕುಳಿತವನು ಉಪ್ಪನ್ನು ಸರಕಾರದ ಬೆಲೆಗೆ ಕೊಳ್ಳಬೇಕಾಯಿತು. ಕಾಳಗವಿಲ್ಲ, ಕೊಲೆಯಿಲ್ಲ, ಆದರೆ ಮನೆಮನೆಯಲ್ಲಿ ಒಂದೊಂದು ದೂರು. ದಫ್ತರದಲ್ಲಿ ಕಾಳಗವನ್ನು ಎಣಿಸುವುದಕ್ಕೆ ಒಂದು ಕಾಲಮು ಇರುತ್ತದೆ. ದೂರನ್ನು ಎಣಿಸುವುದಕ್ಕೆ ಇರುವುದಿಲ್ಲ.

೧೮೩೦-೩೧ರಲ್ಲಿ ಆ ದೂರುಗಳು ಹೊರಗೆ ಬಂದುವು. ಒಕ್ಕಲುಗಳು ದೇವಸ್ಥಾನಗಳಲ್ಲಿಯೂ ಬಯಲುಗಳಲ್ಲಿಯೂ ಗುಂಪುಗೂಡಿ ತೀರ್ವೆಯನ್ನು ಕೊಡುವುದಿಲ್ಲವೆಂದರು. ಬೆಲೆ ಬಿದ್ದುಹೋದುದನ್ನೂ ತೀರ್ವೆಯ ಭಾರವನ್ನೂ ವಿವರಿಸಿ ಅರ್ಜಿಗಳನ್ನು ಬರೆದರು. ಇವೇ ನಮ್ಮ ಜಿಲ್ಲೆಯ ಪ್ರಸಿದ್ಧವಾದ ‘ಕೂಟ’ಗಳು. ಬಹುಮಟ್ಟಿಗೆ ಶಸ್ತ್ರವಿಲ್ಲದೆ, ಬಾಯಿಯಿಂದಲೂ ಕಾಗದದಿಂದಲೂ ನಡೆದ ಹೋರಾಟವದು. ಸರಕಾರವು ವಿಚಾರಣೆಯನ್ನು ನಡೆಸಿ ಆ ವರ್ಷದ ಮಟ್ಟಿಗೆ ಒಂದಿಷ್ಟು ಮಾಫಿಯನ್ನು ಕೊಟ್ಟಿತು. ಕೂಟಗಳು ಚದರಿದುವು. ತೀರ್ವೆಯನ್ನು ನಾಣ್ಯದಲ್ಲಿ ಕಟ್ಟುವ ಪದ್ಧತಿಯು ಇದ್ದಂತೆಯೇ ಉಳಿಯಿತು. ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ, ಅರ್ಜಿಯನ್ನು ಮುಂದೂಡಿದರು, ತೀರ್ಪು ಕೊಡಲಿಲ್ಲ.

ಇದಾದ ಮೇಲೆ ಕೊಡಗಿನ ಪ್ರಕರಣ. ೧೮೩೪ನೆಯ ಇಸವಿಯ ಏಪ್ರಿಲಿನಲ್ಲಿ ಕುಂಪಣಿಯ ಸೈನ್ಯವು ಕೊಡಗನ್ನು ಹೊಕ್ಕು ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿತು. ಅವನನ್ನು ಕಾಶಿಗೆ ಕಳುಹಿಸಿತು. ಮುಂದಿನ ತಿಂಗಳು ಹೊರಟ ಘೋಷಣೆಯಲ್ಲಿ, ಕೊಡಗಿನ ಪ್ರಜೆಗಳು ಇಂಗ್ಲಿಷರ ಆಶ್ರಯವನ್ನು ಬಯಸಿದುದರಿಂದಲೇ ನಾಡನ್ನು ಸೇರಿಸಿಕೊಳ್ಳಲಾಗಿದೆ ಎಂಬ ಕಾರಣವನ್ನು ಕಾಣಿಸಿದರು. ಸೈನ್ಯವು ಬೀಡು ಬಿಟ್ಟಿರುವಾಗ ಜನರು ಎದುರಾಡದಿದ್ದರೆ ಅದೇ ಒಪ್ಪಿಗೆ! ವಕೀಲರಿಗೆ ಈ ಬಗೆಯ ಒಪ್ಪಿಗೆ ಹೊಸತಲ್ಲ. ಹೆದರಿಸಿ ಹಾಕಿಸಿಕೊಂಡ ರುಜುವನ್ನು ಯಾವ ಮುನ್ಸೀಫನೂ ರುಜುವೆಂದು ಒಪ್ಪುವುದಿಲ್ಲ. ಇದೇ ಸಮಯದಲ್ಲಿ ಅಮರ ಸುಳ್ಯದ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರು ಕೊಡಗಿನ ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಇನ್ನು ರೊಕ್ಕವನ್ನೇ ಎಣಿಸಬೇಕಾಯಿತು. ಕೆನರಾದ ಒಕ್ಕಲುಗಳು ಮೂರು ನಾಲ್ಕು ವರ್ಷಗಳ ಹಿಂದೆ ಯಾವ ದೂರನ್ನು ಹೇಳಿಕೊಂಡಿದ್ದರೋ ಅದೇ ದೂರು ಈಗ ಸುಳ್ಯದವರ ಮನೆಗೂ ಬಂದಿತು.

ಮುಂದಿನದು ತಮಗೆಲ್ಲರಿಗೂ ತಿಳಿದ ಕತೆ. ೧೮೩೭ನೆಯ ಇಸವಿಯ ಮಾರ್ಚಿಯ ಕೊನೆಯಲ್ಲಿ ಸುಳ್ಯದ ಸೀಮೆಯಲ್ಲಿ ದಂಗೆ ಎದ್ದಿತು. ಕೆದಂಬಾಡಿ ರಾಮಯ್ಯ ಗೌಡರು ಮೊದಲಾದವರು ಮುಂದಾಳುಗಳು. ಪುಟ್ಟಬಸಪ್ಪ ಎಂಬವನನ್ನು ಹಾಲೇರಿಯ ಅರಸು ಮನೆತನದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆಯು ಅವರ ವಶವಾಯಿತು. ಪುತ್ತೂರು, ಪಾಣೆಮಂಗಳೂರು, ಬಂಟವಾಳಗಳನ್ನು ಹಾದು ದಂಡು ನಡೆಯಿತು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಸೇರಿಕೊಂಡನು. ಏಪ್ರಿಲ್ ೫ರಂದು ಮಂಗಳೂರು ಅವರ ಕೈಗೆ ಬಂದಿತು. ಬಾವುಟಗುಡ್ಡೆಯಲ್ಲಿ ಅವರ ಬಾವುಟವೇರಿತು. ಸೆರೆಮನೆಯ ಬಾಗಿಲು ತೆರೆಯಿತು. ಕಲೆಕ್ಟರನು ಕಡಲ ದಾರಿಯಿಂದ ಕಣ್ಣನೂರಿಗೆ ಹೋದನು. ಮೂರು ವರ್ಷಗಳ ತೀರ್ವೆಯ ಮಾಫಿಯನ್ನೂ, ಉಪ್ಪು ಹೊಗೆಸೊಪ್ಪುಗಳ ಏಕಸ್ವಾಮ್ಯವನ್ನು ತೆಗೆದುಹಾಕುವುದನ್ನೂ ದಂಗೆಯವರು ಸಾರಿದರು. ಸುಮಾರು ಎರಡು ವಾರ ಈ ಆಳಿಕೆ ನಡೆಯಿತು. ಬಳಿಕ ಕಣ್ಣನೂರಿನಿಂದ ಸೈನ್ಯ ಬಂದಿತು. ಕಲ್ಯಾಣಸ್ವಾಮಿಯೆನಿಸಿಕೊಂಡ ಪುಟ್ಟಬಸಪ್ಪನನ್ನೂ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಇನ್ನೆಷ್ಟೋ ಮಂದಿಯನ್ನು ಕಡಲಾಚೆಗೆ ಸಾಗಿಸಿದರು. ಸರಕಾರದ ಪಕ್ಷದಲ್ಲಿ ನಿಂತ ಕೊಡಗಿನವರಿಗೆ ಪದಕಗಳನ್ನು ಹೊಯ್ಯಿಸಿ ಹಂಚಿದರು. ಆ ಪದಕದ ಮೇಲೆ ಕನ್ನಡ ಅಕ್ಷರಗಳಿದ್ದುವು ಎಂಬುದನ್ನು ಇಲ್ಲಿ ನೆನೆಯಬೇಕು. ಕನ್ನಡಿಗನು ಕನ್ನಡಿಗನನ್ನು ಹಿಡಿದುಕೊಟ್ಟುದಕ್ಕೆ ಕನ್ನಡದಲ್ಲಿಯೇ ಬಹುಮಾನ!

ಇಲ್ಲಿ ನಾನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಈ ದಂಗೆಗೆ ನಮ್ಮ ಊರುಗಳಲ್ಲಿ ಉಳಿದುಬಂದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಕಾಟ, ಕೊಳ್ಳೆ. ಈ ಹೆಸರು ಗೆದ್ದವರ ಬಾಯಿಯಿಂದ ಬಂದುದೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ದಂಡು ಹಾದುಹೋದ ದಾರಿಯಲ್ಲಿ ಕೊಳ್ಳೆಯೂ ಬೆಂಕಿಯೂ ನಡೆದುದುಂಟು. ಏನೂ ಅರಿಯದವರು ಕಷ್ಟಪಟ್ಟುದುಂಟು. ಶಸ್ತ್ರವನ್ನೆತ್ತಿದ ಕೈಯು ಶತ್ರುವಿನಲ್ಲಿಗೇ ಹೋಗಿ ನಿಲ್ಲುವುದಿಲ್ಲ. ಅದನ್ನು ಒಪ್ಪಿಕೊಳ್ಳೋಣ. ಒಪ್ಪಿಕೊಂಡ ಮೇಲೆಯೂ ಪ್ರಶ್ನೆ ಉಳಿಯುತ್ತದೆ: ಕಾಟಕಾಯಿಯು ನಿಂತಿತು, ಸರಿ, ಕಾಟಕಾಯಿಗೆ ಕಾರಣವಾದುದು ನಿಂತಿತೇ?

ನಿಲ್ಲಲಿಲ್ಲ. ದಂಗೆಯವರು ಸಾರಿದ ಎರಡು ಮಾತುಗಳಲ್ಲಿ ಉಪ್ಪಿನ ಮಾತೊಂದನ್ನೇ ಹಿಡಿದು ನೋಡಿರಿ. ೧೮೩೭ರಲ್ಲಿ ಉಪ್ಪಿನ ದೂರನ್ನು ಹೇಳಿದವರು ಗಲ್ಲಿಗೇರಿದರು. ಅಲ್ಲಿಂದ ಮುಂದೆ ದಕ್ಷಿಣ ಕನ್ನಡವು ಎಷ್ಟು ಸದ್ದಿಲ್ಲದೆ ಇದ್ದಿತೆಂದರೆ, ೧೮೫೭-೫೮ರಲ್ಲಿ ಉತ್ತರದಲ್ಲಿ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಾರೆವೆಂದು ಎದ್ದಾಗಲೂ, ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಪ್ರಾಣ ಕೊಟ್ಟಾಗಲೂ ಇಲ್ಲಿ ದೊಡ್ಡ ದಂಗೆಯೇನೂ ಆಗಲಿಲ್ಲ. ದಾರಿಗಳಾದುವು, ಶಾಲೆಗಳಾದುವು, ನ್ಯಾಯಾಲಯಗಳಾದುವು. ೧೮೪೩ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲನೆಯ ಪತ್ರಿಕೆಯೇ ಹೊರಟಿತು. ಇವುಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಶಾಂತಿಯ ಪಕ್ಷದ ವಕೀಲನು ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ಎಲ್ಲಿಂದ ತರಬೇಕು? ಆದರೆ ೧೯೩೦ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಗಾಂಧೀಜಿಯವರು ದಂಡಿಯಲ್ಲಿ ಹಿಡಿಯಷ್ಟು ಉಪ್ಪನ್ನು ಎತ್ತಿದೊಡನೆಯೇ ನಮ್ಮ ಕರಾವಳಿಯು ಎದ್ದು ನಿಂತಿತು. ಅಂಕೋಲೆಯಲ್ಲಿ ಜನಸಾಗರವೇ ಸೇರಿತು. ಮಂಗಳೂರಿನಲ್ಲಿ ಕಾರ್ನಾಡ ಸದಾಶಿವರಾಯರು ಮುಂದೆ ನಿಂತರು. ವಕೀಲಿಯನ್ನೂ ಐಶ್ವರ್ಯವನ್ನೂ ದೇಶಕ್ಕೆ ಧಾರೆಯೆರೆದು ೧೯೩೭ರಲ್ಲಿ ಕಣ್ಣು ಮುಚ್ಚಿದರು. ತೊಂಬತ್ತಮೂರು ವರ್ಷಗಳ ಹಿಂದೆ ಬಾವುಟಗುಡ್ಡೆಯಲ್ಲಿ ಹೇಳಿದ ಉಪ್ಪಿನ ದೂರು, ಅದನ್ನು ಹೇಳಿದವರ ಮೊಮ್ಮಕ್ಕಳೂ ಕಣ್ಮರೆಯಾಗುವ ಹೊತ್ತಿಗೆ, ಮತ್ತೊಮ್ಮೆ ಬಾಯಿಗೆ ಬಂದಿತು. ಸಾಲದ ದಾವೆಗೆ ಮೂರು ವರ್ಷಗಳ ವಾಯಿದೆಯುಂಟು. ಅದು ಮೀರಿದರೆ ದಾವೆ ಸಲ್ಲದು. ನಾಡಿನ ದೂರಿಗೆ ಅಂತಹ ವಾಯಿದೆಯನ್ನು ಯಾವ ಕಾಯಿದೆಯೂ ಹಾಕಲಾರದು.

ಆ ಹುಡುಗನಿಗೆ ಇದೇ ನನ್ನ ಮೊದಲನೆಯ ಉತ್ತರ. ದಂಗೆ ಮುಗಿದಿದ್ದಿತು, ಮಗು, ದಾವೆ ಮುಗಿದಿರಲಿಲ್ಲ.

ಎರಡನೆಯ ಉತ್ತರವು ಇದಕ್ಕಿಂತ ಸೂಕ್ಷ್ಮವಾದುದು. ೧೮೩೭ರಲ್ಲಿ ನೆತ್ತರು ಹರಿಯಿತು; ೧೯೩೦ರಲ್ಲಿ ನಮ್ಮ ಸತ್ಯಾಗ್ರಹಿಗಳು ಒಂದು ಕಲ್ಲನ್ನೂ ಎಸೆಯಬಾರದೆಂಬ ವ್ರತವನ್ನು ತೊಟ್ಟಿದ್ದರು. ಹಿಂಸೆಯ ಎಣಿಕೆಯೇ ಅಶಾಂತಿಯ ಅಳತೆಯಾಗಿದ್ದರೆ, ೧೯೩೦ನೆಯ ಇಸವಿಯು ೧೮೩೭ಕ್ಕಿಂತ ಹೆಚ್ಚು ಶಾಂತವಾದ ವರ್ಷವೆನ್ನಬೇಕಾಗುತ್ತದೆ. ಆಳುವವರಿಗೆ ಹಾಗೆ ತೋರಲಿಲ್ಲವೆಂಬುದಕ್ಕೆ ಆ ವರ್ಷದ ಸೆರೆಮನೆಗಳೇ ಸಾಕ್ಷಿ. ೧೮೩೭ರಲ್ಲಿ ಒಂದು ದಂಡು ಎದ್ದಿದ್ದಿತು; ೧೯೩೦ರಲ್ಲಿ ಒಂದು ನಾಡೇ ಎದ್ದಿತು. ಆಯುಧವು ಕೈಯಲ್ಲಿ ಕಾಣದಿದ್ದಾಗಲೇ ಅಸಮಾಧಾನವು ತನ್ನ ಪೂರ್ಣ ಬೆಳವಣಿಗೆಯನ್ನು ಪಡೆದಿದ್ದಿತು. ೧೯೩೧ನೆಯ ಇಸವಿಯ ಮಾರ್ಚಿಯಲ್ಲಿ ಗಾಂಧಿ-ಇರ್ವಿನ್ ಒಪ್ಪಂದವಾಯಿತು, ನಾಡೆಲ್ಲ ತಣ್ಣಗಾಯಿತು, ೧೯೩೨ರ ಜನವರಿಯಲ್ಲಿ ಹೋರಾಟವು ಮರಳಿ ಮೊದಲಾಯಿತು. ೧೯೪೨ರಲ್ಲಿ ಶಿಕಾರಿಪುರ ತಾಲೂಕಿನ ಈಸೂರಿನವರು ತಮ್ಮ ಊರು ಸ್ವತಂತ್ರವೆಂದು ಸಾರಿದರು; ಅಲ್ಲಿಯ ಐವರನ್ನು ಮರುವರ್ಷ ಗಲ್ಲಿಗೇರಿಸಿದರು. ೧೯೪೪ರ ಹೊತ್ತಿಗೆ ಬೀದಿಗಳು ಬರಿದಾಗಿದ್ದುವು, ಚಳವಳಿಯು ಸತ್ತಿತೆಂದು ಎಷ್ಟೋ ಮಂದಿ ಬುದ್ಧಿವಂತರು ನಂಬಿದ್ದರು. ಮೂರೇ ವರ್ಷಗಳಲ್ಲಿ, ೧೯೪೭ನೆಯ ಇಸವಿಯ ಆಗಸ್ಟ್ ೧೫ರಂದು, ಅವರ ನಂಬಿಕೆಗೆ ಉತ್ತರ ಬಂದಿತು.

ಮಹನೀಯರೇ, ಪರರ ಆಳಿಕೆಯಲ್ಲಿ ಗಲಭೆಯು ಇಳಿಯುವುದಕ್ಕೆ ಹಲವು ಕಾರಣಗಳುಂಟು. ಹೆದರಿಕೆಯಿಂದ ಜನರು ಸುಮ್ಮನಾಗುವುದು ಒಂದು. ಬಿಕರ್ನಕಟ್ಟೆಯ ನೇಣುಗಂಬವನ್ನು ಕಂಡವನು ಮಾತನಾಡುವುದಕ್ಕೆ ಮೊದಲು ಮಕ್ಕಳ ಮುಖವನ್ನು ನೋಡುತ್ತಾನೆ. ದಣಿವಿನಿಂದ ಸುಮ್ಮನಾಗುವುದು ಇನ್ನೊಂದು. ಗದ್ದೆ ಬೀಳುಬಿದ್ದರೆ ದಂಗೆಯವನಿಗೂ ಊಟವಿಲ್ಲ. ಕೊಡುಗೆಯಿಂದ ಸುಮ್ಮನಾಗುವುದು ಮೂರನೆಯದು. ನಮ್ಮ ತುಳುನಾಡಿನ ಹಳೆಯ ಅರಸು ಮನೆತನಗಳಿಗೆ ಕುಂಪಣಿಯವರು ಸಣ್ಣ ವರ್ಷಾಸನಗಳನ್ನು ಕಟ್ಟಿಕೊಟ್ಟುದು ಈ ಜಾತಿಗೆ ಸೇರಿದುದು. ಸಮಯವನ್ನು ಕಾಯುತ್ತ ಸುಮ್ಮನಿರುವುದು ನಾಲ್ಕನೆಯದು; ಬೂದಿ ಮುಚ್ಚಿದ ಕೆಂಡವೆಂದು ನಮ್ಮ ಹಿರಿಯರು ಕರೆದುದು ಇದನ್ನೇ. ಇವೆಲ್ಲಕ್ಕೂ ಬೇರೆಯಾದುದು, ಕೇಳಿದ ನ್ಯಾಯವು ದೊರೆತುದರಿಂದ ಸುಮ್ಮನಾಗುವುದು. ಹೊರಗೆ ನಿಂತು ನೋಡುವವನಿಗೆ ಈ ಐದೂ ಒಂದೇ ಆಗಿ ಕಾಣುತ್ತವೆ. ಐದನೆಯದೊಂದೇ ಶಾಂತಿ. ಉಳಿದ ನಾಲ್ಕೂ ಬಿಡುವುಗಳು.

ಇದು ನಮ್ಮ ನಾಡಿನ ಮಾತು ಮಾತ್ರವೇ ಎಂದು ಕೇಳುವವರಿರಬಹುದು. ಹೊರಗಿನ ಎರಡು ನಾಡುಗಳನ್ನು ನೋಡೋಣ. ಐರ್ಲಂಡಿನವರು ೧೭೯೮ರಲ್ಲಿ ಎದ್ದರು, ಸೋತರು; ೧೮೬೭ರಲ್ಲಿ ಎದ್ದರು, ಸೋತರು. ಆಮೇಲೆ ಇಂಗ್ಲಿಷರು ಜಾಣತನದ ದಾರಿಯನ್ನು ಹಿಡಿದರು. ೧೯೦೩ರ ಭೂಮಿಯ ಕಾಯಿದೆಯಿಂದ ಗೇಣಿಯ ಒಕ್ಕಲುಗಳು ತಮ್ಮ ನೆಲವನ್ನು ತಾವೇ ಕೊಳ್ಳುವಂತಾಯಿತು. ಹಳ್ಳಿಗಳ ಹೊಡೆದಾಟಗಳು ಇಳಿದುವು. ಅದು ನಿಜವಾದ ಉಪಕಾರ, ಬರಿಯ ಕಣ್ಣೊರಸುವಿಕೆಯಲ್ಲ. ಆದರೂ ೧೯೧೬ರಲ್ಲಿ ಡಬ್ಲಿನ್ ನಗರದಲ್ಲಿ ಮತ್ತೆ ಗುಂಡಿನ ಸದ್ದು ಕೇಳಿಸಿತು. ಏಕೆ? ನೆಲದ ದೂರಿಗೆ ತೀರ್ಪು ಸಿಕ್ಕಿದ್ದಿತು, ಆಳಿಕೆಯ ದೂರಿಗೆ ಸಿಕ್ಕಿರಲಿಲ್ಲ. ಹೊಟ್ಟೆಗೆ ಅನ್ನವಿಟ್ಟು ಮಾನವನ್ನು ಮರೆಸಲಾಗದೆಂಬುದನ್ನು ಇದರಿಂದ ತಿಳಿಯಬಹುದು.

ಇನ್ನೊಂದು ಇರಾಕು. ೨೦೦೩ರಲ್ಲಿ ಅಮೆರಿಕದ ಸೈನ್ಯವು ಆ ನಾಡನ್ನು ಹಿಡಿಯಿತು. ೨೦೦೬-೦೭ರಲ್ಲಿ ಅಲ್ಲಿ ರಕ್ತವು ಹೊಳೆಯಾಗಿ ಹರಿಯಿತು. ೨೦೦೮ರ ಹೊತ್ತಿಗೆ ಬಹುಮಟ್ಟಿ ಇಳಿಯಿತು. ಶಾಂತಿ ಬಂದಿತೆಂದು ಹಲವರು ಲೆಕ್ಕ ತೋರಿಸಿದರು. ಇಳಿದುದು ಏಕೆ? ಹೆಚ್ಚಿನ ಸೈನ್ಯವನ್ನು ಇಳಿಸಿದ್ದರು. ಸುನ್ನಿ ಬುಡಕಟ್ಟುಗಳ ಆಯುಧಧಾರಿಗಳಿಗೆ ಸಂಬಳವನ್ನು ಗೊತ್ತುಮಾಡಿದ್ದರು. ಶಿಯಾ ಮುಖಂಡನಾದ ಮುಕ್ತದಾ ಅಲ್ ಸದ್ರನು ತನ್ನ ಪಡೆಗೆ ಕದನವಿರಾಮವನ್ನು ಹೇಳಿದ್ದನು. ಬಾಗ್ದಾದಿನಲ್ಲಿ ಬೆರೆತು ಬಾಳುತ್ತಿದ್ದ ಕೇರಿಗಳಿಂದ ಎದುರು ಪಂಗಡದವರನ್ನು ಓಡಿಸಿಯಾಗಿದ್ದುದರಿಂದ ಕೊಲ್ಲುವುದಕ್ಕೆ ನೆರೆಯವರೇ ಉಳಿದಿರಲಿಲ್ಲ. ನಾನೀಗ ಹೇಳಿದ ಹೆದರಿಕೆ, ಕೊಡುಗೆ, ಕಾಯುವಿಕೆಗಳು ಅಲ್ಲಿ ಒಟ್ಟಿಗೇ ಕೂಡಿದ್ದುವು. ಅಧಿಕಾರವನ್ನು ಹಂಚಿಕೊಳ್ಳುವ ಜಗಳ ಮಾತ್ರ ತೀರಿರಲಿಲ್ಲ. ೨೦೧೧ರ ಕೊನೆಯಲ್ಲಿ ಸೈನ್ಯವು ಹೊರಟಿತು. ೨೦೧೪ರ ಜೂನಿನಲ್ಲಿ ಮೋಸುಲ್ ಪಟ್ಟಣವು ಬಂಡುಕೋರರ ಕೈಗೆ ಬಿದ್ದಿತು.

ಹಾಗಾದರೆ ಗಲಭೆಯ ಇಳಿತವು ಎಂದೂ ಶಾಂತಿಗೆ ದಾರಿಯಾಗುವುದೇ ಇಲ್ಲವೇ? ಆಗುತ್ತದೆ. ಅದೇ ಐರ್ಲಂಡಿನ ಉತ್ತರ ಭಾಗದಲ್ಲಿ ಮೂವತ್ತು ವರ್ಷಗಳ ಕಾಲ ನಡೆದ ಕೊಲೆಗಳಿಗೆ ೧೯೯೮ರ ಒಪ್ಪಂದವು ತಡೆಯಾಯಿತು. ಅಲ್ಲಿ ಆಯುಧಗಳನ್ನು ಕೆಳಗಿರಿಸುವುದರ ಜೊತೆಗೆ ಅಧಿಕಾರವನ್ನು ಎರಡು ಪಕ್ಷಗಳಿಗೂ ಹಂಚಿದರು, ಸೆರೆಯಾಳುಗಳ ಮಾತನ್ನು ತೀರಿಸಿದರು. ಎಲ್ಲಕ್ಕಿಂತ ಮಿಗಿಲಾಗಿ ಒಪ್ಪಂದವನ್ನು ಜನರ ಮುಂದಿಟ್ಟು ಮತವನ್ನು ಕೇಳಿದರು. ೧೮೩೪ರ ಕೊಡಗಿನ ಘೋಷಣೆಯಲ್ಲಿ ಜನರ ಒಪ್ಪಿಗೆಯನ್ನು ಊಹಿಸಿಕೊಂಡರು. ೧೯೯೮ರಲ್ಲಿ ಅದನ್ನು ಎಣಿಸಿದರು. ಭೇದವಿರುವುದು ಇಲ್ಲಿಯೇ.

ನಮ್ಮಲ್ಲಿಯೂ ಅಂತಹ ಉದಾಹರಣೆ ಇಲ್ಲದಿಲ್ಲ. ೧೯೩೨ರಿಂದ ಅಂಕೋಲೆ, ಸಿದ್ದಾಪುರಗಳ ರೈತರು ಕರವನ್ನು ಕೊಡದೆ ನಿಂತು ತಮ್ಮ ಗದ್ದೆ ತೋಟಗಳನ್ನು ಜಪ್ತಿಗೆ ಬಿಟ್ಟರು. ೧೯೩೪ರಲ್ಲಿ ಚಳವಳಿಯು ನಿಂತಿತು. ಅಂದಿಗೆ ಅಲ್ಲಿ ಶಾಂತಿಯಾಯಿತೇ? ತನ್ನ ಗದ್ದೆಯಲ್ಲಿ ಬೇರೆಯವನು ಉಳುವುದನ್ನು ಬೇಲಿಯಾಚೆಯಿಂದ ನೋಡುತ್ತ ನಿಂತ ರೈತನ ಮೌನವನ್ನು ಶಾಂತಿಯೆನ್ನುವ ಧೈರ್ಯ ನನಗಿಲ್ಲ. ೧೯೩೭ರಲ್ಲಿ ಮುಂಬಯಿ ಪ್ರಾಂತದಲ್ಲಿ ಜನರು ಆರಿಸಿದ ಮಂತ್ರಿಮಂಡಲವು ಬಂದಿತು. ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಕಾಯಿದೆಯಾಯಿತು. ಆ ರೈತನು ಮರಳಿ ತನ್ನ ಗದ್ದೆಗೆ ಇಳಿದ ದಿನ ಶಾಂತಿಯು ಆ ಮನೆಯ ಹೊಸ್ತಿಲನ್ನು ದಾಟಿತು.

ಆದುದರಿಂದ ಯಾರಾದರೂ ‘ಗಲಭೆ ಇಳಿಯಿತು, ಶಾಂತಿ ಬಂದಿತು’ ಎಂದರೆ ನಾವು ಮಾಡಬೇಕಾದುದು ಪಾಟೀಸವಾಲು. ಇಳಿದುದು ಏಕೆ ಎಂದು ಕೇಳಬೇಕು. ಮೊದಲು ಹೇಳಿಕೊಂಡ ದೂರಿಗೆ ತೀರ್ಪಾಯಿತೇ, ಇಲ್ಲವೇ ದೂರು ಹೇಳುವವನೇ ಇಲ್ಲವಾದನೇ ಎಂದು ಕೇಳಬೇಕು. ಇಂದು ಅಸಮಾಧಾನವುಳ್ಳವನು ಅದನ್ನು ಬಾಯಿಬಿಟ್ಟು ಹೇಳಿ ಸಂಜೆಗೆ ತನ್ನ ಮನೆಗೆ ಮರಳಬಲ್ಲನೇ ಎಂದು ಕೇಳಬೇಕು. ಕೊನೆಯದಾಗಿ, ಕಾವಲಿನ ಸೈನ್ಯವನ್ನು ನಾಳೆ ಹಿಂದಕ್ಕೆ ಕರೆದರೆ ಈ ಶಾಂತಿಯು ನಾಡಿದ್ದಿನವರೆಗೆ ಉಳಿದೀತೇ ಎಂದು ಕೇಳಬೇಕು. ಈ ನಾಲ್ಕಕ್ಕೂ ನೇರವಾದ ಉತ್ತರವನ್ನು ಕೊಡಬಲ್ಲ ಸಾಕ್ಷಿಯನ್ನು ಮಾತ್ರ ನಂಬಬೇಕು.

ಇಷ್ಟನ್ನು ಕೇಳಿ ಯಾರಾದರೂ, ‘ಗಲಭೆಯು ನಡೆಯುತ್ತಲೇ ಇರಲಿ ಎನ್ನುತ್ತೀರೋ?’ ಎಂದಾರು. ಸರ್ವಥಾ ಅಲ್ಲ. ಕೊಲೆ ನಿಂತ ದಿನವು ಒಳ್ಳೆಯ ದಿನವೇ. ಅಂದು ಒಬ್ಬ ತಾಯಿಯ ಮಗನು ಉಳಿದನು. ನಾನು ಹೇಳುವುದು ಇಷ್ಟೇ: ಆ ದಿನವು ಕೆಲಸ ಮುಗಿದ ದಿನವಲ್ಲ, ಕೆಲಸ ಮೊದಲಾಗಬೇಕಾದ ದಿನ. ಮಳೆ ಬಿಟ್ಟಾಗ ಮಾಡನ್ನು ಹೊದಿಸಿಕೊಳ್ಳದವನು ಮುಂದಿನ ಮಳೆಯಲ್ಲಿ ಯಾರನ್ನು ದೂರಿಯಾನು? ೧೮೩೧ರಲ್ಲಿ ಕೂಟಗಳು ಚದರಿದಾಗ ತೀರ್ವೆಯ ಪದ್ಧತಿಯನ್ನು ತಿದ್ದಿದ್ದರೆ ೧೮೩೭ರಲ್ಲಿ ಅಷ್ಟು ಮಂದಿ ಸಾಯಬೇಕಾಗಿರಲಿಲ್ಲವೆಂದು ನನ್ನ ನಂಬಿಕೆ.

ಕೊನೆಯದಾಗಿ, ಗಲಭೆಯೇ ಇಲ್ಲದ ಒಂದು ಗಾಯದ ಮಾತು. ಎರಡಾಗಿ ಸೀಳಿದ್ದ ನಮ್ಮ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ೧೮೬೨ನೆಯ ಇಸವಿಯಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರದ ಬಂದರು ಮುಂಬಯಿಯ ಹತ್ತಿಯ ವ್ಯಾಪಾರಕ್ಕೆ ಬೇಕಾಗಿದ್ದಿತು. ಕನ್ನಡಿಗರನ್ನು ಯಾರೂ ಕೇಳಲಿಲ್ಲ. ಕನ್ನಡಿಗರೂ ಒಂದು ಕಲ್ಲನ್ನು ಎಸೆಯಲಿಲ್ಲ. ಅಂದಿನ ಆ ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡವರು, ಮುಂದೆ ಕರ್ಣಾಟಕದ ಏಕೀಕರಣಕ್ಕಾಗಿ ಎದ್ದ ಕೂಗನ್ನು ಕೇಳಿ ಬೆರಗಾಗಿರಬೇಕು. ೧೯೫೬ನೆಯ ಇಸವಿಯ ನವೆಂಬರ್ ೧ರಂದು ಒಡೆದ ಭಾಗಗಳಲ್ಲಿ ಬಹುಪಾಲು ಕೂಡಿದುವು. ಅದೇ ದಿನ, ಅದುವರೆಗೆ ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕನ್ನಡ ರಾಜ್ಯಕ್ಕೆ ಸಲ್ಲತಕ್ಕುದೆಂದು ೧೯೬೭ರಲ್ಲಿ ಮಹಾಜನ ಆಯೋಗವು ಹೇಳಿತು. ಅದು ಜಾರಿಗೆ ಬರಲಿಲ್ಲ. ಅಲ್ಲಿಯದು ಪರರ ಆಳಿಕೆಯಲ್ಲ, ನಮ್ಮದೇ ಸ್ವತಂತ್ರ ದೇಶದ ಇನ್ನೊಂದು ರಾಜ್ಯ; ಆ ಭೇದವನ್ನು ನಾನು ಮರೆತಿಲ್ಲ. ಆದರೆ ಕಾಸರಗೋಡಿನ ಬೀದಿಗಳು ಸದ್ದಿಲ್ಲದಿವೆಯೆಂಬುದರಿಂದ ಅಲ್ಲಿಯ ಕನ್ನಡಿಗನ ಮಾತು ತೀರಿತೆಂದು ಲೆಕ್ಕ ಹಾಕಿದರೆ, ಹಿಂದಿನವರು ಮಾಡಿದ ತಪ್ಪನ್ನೇ ನಾವೂ ಮಾಡಿದಂತಾಗುವುದು. ಕುಂಬಳೆಯ ಸಮೀಪದಲ್ಲಿ ಇನ್ನೊಂದು ಪುತ್ತಿಗೆಯುಂಟು. ಹೆಸರು ಇದೇ, ಮಾತು ಇದೇ. ನಡುವೆ ಒಂದು ಗಡಿ. ಆ ಪುತ್ತಿಗೆಯ ಶಾಲೆಯಲ್ಲಿ ಕನ್ನಡದಲ್ಲಿ ಓದಬೇಕೆಂಬ ಮಗುವಿಗೆ ಪುಸ್ತಕವೂ ಮಾಸ್ತರರೂ ದೊರೆಯುವುದೇ ಅಲ್ಲಿಯ ಶಾಂತಿಯ ಅಳತೆ.

೧೬೨೩ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇತಾಲಿಯ ಪ್ರವಾಸಿಯು ಉಳ್ಳಾಲದ ಚೌಟ ರಾಣಿಯನ್ನು ಕಾಣಲು ಹೋದನು. ಪೋರ್ಚುಗೀಸರೊಡನೆ ತಲೆಮಾರುಗಳಿಂದ ಸೆಣಸುತ್ತ ಬಂದ, ಈ ಪುತ್ತಿಗೆಗೂ ಸಂಬಂಧಪಟ್ಟ ಮನೆತನ ಅದು. ಆ ರಾಣಿಯು ಸಿಂಹಾಸನದ ಮೇಲೆ ಕುಳಿತಿರಲಿಲ್ಲ. ಸಾದಾ ಬಟ್ಟೆಯನ್ನುಟ್ಟು ಬರಿಗಾಲಿನಲ್ಲಿ ನಡೆದು ಹೋಗಿ ನೀರಿನ ಕಾಲುವೆಯನ್ನು ಅಗೆಯಿಸುವ ಕೆಲಸವನ್ನು ನೋಡಿಕೊಳ್ಳುತ್ತಿದ್ದಳೆಂದು ಅವನು ಬರೆದಿದ್ದಾನೆ. ಶಾಂತಿಯೆಂದರೆ ಏನೆಂದು ಮಕ್ಕಳಿಗೆ ತೋರಿಸಬೇಕಾದರೆ, ಉಪಾಧ್ಯಾಯ ಬಂಧುಗಳೇ, ಆ ಚಿತ್ರವನ್ನು ತೋರಿಸಿರಿ: ತನ್ನ ನೆಲದಲ್ಲಿ ತನ್ನ ಗದ್ದೆಗೆ ತಾನೇ ನೀರು ಹಾಯಿಸುವುದು. ನಾಳೆ ಆ ಪಾಠವನ್ನು ಮತ್ತೆ ಬರೆಸುವಾಗ, ‘ದಂಗೆಯನ್ನು ಅಡಗಿಸಿದರು’ ಎಂಬಲ್ಲಿಗೆ ಪೂರ್ಣವಿರಾಮವನ್ನು ಹಾಕಿಸಿರಿ. ಉಳಿದುದನ್ನು ಆ ಹಿಂದಿನ ಬೆಂಚಿನ ಹುಡುಗನು ತಾನೇ ಕೇಳಿಕೊಳ್ಳುವನು.